ಅಪ್ಪನ ಕಣ್ಣಿನ ಪ್ರೆಷರ್

ತೋವಿನಕೆರೆ
೮ ಡಿಸೆಂಬರ್ ೨೦೨೪, ಭಾನುವಾರ

ಪ್ರೀತಿಯ ಹಾಲೇಶ,

ಹೇಗಿದ್ದೀಯ ಮಗ? ಬಳ್ಳಾರಿಯ ಧೂಳಿನಲ್ಲಿ ದಿನವಿಡೀ ಬಸ್ಸು ಓಡಿಸಿ ನಿನ್ನ ಸೊಂಟ ಏನಾಗಿದೆಯೋ. ಲೋಹಿತಾ ಕೊಡುವ ಮಜ್ಜಿಗೆ ಕುಡಿ, ಅಂಗಡಿಯ ಬಣ್ಣದ ನೀರು ಬೇಡ. ಅಮ್ಮ ಫೋನು ಬಿಟ್ಟು ಕಾಗದ ಹಿಡಿದಳೆಂದು ಹೆಂಡತಿ ಮುಂದೆ ನಗಬೇಡ. ಫೋನಿನಲ್ಲಿ ನೀನು ಹ್ಞೂಂ ಹ್ಞೂಂ ಎನ್ನುತ್ತೀಯ, ಒಂದೂ ತಲೆಗೆ ಹೋಗುವುದಿಲ್ಲ. ಅಲ್ಲದೆ ಪೊರೆ ತೆಗೆಸಿಕೊಂಡ ಕಣ್ಣಿನಿಂದ ಗೆರೆ ತಪ್ಪದೆ ಬರೆಯುವ ಆಸೆಯೂ ನನಗಿತ್ತು.

ನನಗೇನೋ ಈಗ ಸೂಜಿಗೆ ದಾರ ಪೋಣಿಸುವಷ್ಟು ಕಾಣುತ್ತದೆ. ನಿಮ್ಮಪ್ಪನದೇ ಕಥೆ. ಅವರಿಗೆ ಪೊರೆಯ ಜೊತೆ ಗ್ಲಾಕೋಮಾ ಕೂಡ ಇತ್ತಲ್ಲ, ಎರಡಕ್ಕೂ ಒಂದೇ ಸಲ ಆಪರೇಷನ್ ಮಾಡಿದರು. ಮಬ್ಬು ಹೋಗುತ್ತದೆ, ಆದರೆ ನರ ಸೊರಗಿ ಕಳೆದುಹೋದ ಪಕ್ಕದ ನೋಟ ಮರಳುವುದಿಲ್ಲ, ಉಳಿದದ್ದು ಉಳಿಯಬೇಕಾದರೆ ಪ್ರೆಷರ್ ಏರಬಾರದು ಎಂದು ತುಮಕೂರಿನ ಆಸ್ಪತ್ರೆಯಲ್ಲೇ ಹೇಳಿ ಕಳಿಸಿದ್ದರು. ಇವರ ಕಿವಿಗೆ ಬಿದ್ದದ್ದು ಪ್ರೆಷರ್ ಒಂದೇ. "ಪ್ರೆಷರ್ ಅಂದ್ರೆ ಬಿಪಿ ಕಣೆ, ಉಪ್ಪು ಬುಟ್ಬುಟ್ರೆ ಆಯ್ತು" ಎಂದರು. ನಾನೂ ನಂಬಿ ಇಬ್ಬರಿಗೂ ಸಪ್ಪೆ ಸಾರು ಬಡಿಸಿದೆ. ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆ ಆಗ ಸರಿಯಾಗಿ ಅರ್ಥವಾಯಿತು. ಕಣ್ಣಿಗೆ ಕೊಟ್ಟಿದ್ದ ಔಷಧಿ ಹನಿಯನ್ನು ಅವರು ಸದ್ದಿಲ್ಲದೆ ನಿಲ್ಲಿಸಿದ್ದು ಮಾತ್ರ ನನಗೆ ತಿಳಿಯಲಿಲ್ಲ.

ಮಧುಗಿರಿಯಲ್ಲಿ ತಪಾಸಣೆಗೆ ಹೋದಾಗ ಬಯಲಾಯಿತು. "ಅದು ಕಣ್ಣೊಳಗಿನ ಪ್ರೆಷರ್ ಯಜಮಾನ್ರೇ, ಬಿಪಿ ಅಲ್ಲ. ಹನಿ ಬಿಟ್ರೆ ಇರೋ ನೋಟನೂ ಹೋಗುತ್ತೆ" ಎಂದು ಡಾಕ್ಟರಮ್ಮ ಹೇಳಿದರು. ಬರುವಾಗ ಕೊರಟಗೆರೆ ದಾಟಿದ ಮೇಲೆ ಇವರು ಮೆಲ್ಲಗೆ, "ನಿಂಗೆ ಅಷ್ಟು ಚೆಂದಾಗಿ ಕಾಣ್ತಿತ್ತು, ನಂಗೆ ಇಲ್ಲ. ಇನ್ನು ಔಸ್ದಿ ಹಾಕಿ ಏನು ಅಂತ ಬುಟ್ಬುಟ್ಟೆ" ಎಂದರು. ಬಯ್ಯಬೇಕೆಂದಿದ್ದವಳಿಗೆ ಅಳು ಬಂತು. ಅಂದಿನಿಂದ ಹನಿ ನಾನೇ ಹಾಕುತ್ತೇನೆ. ಮೊನ್ನೆ ಡಾಕ್ಟರಮ್ಮ ನೋಡಿ, ಒತ್ತಡ ಇಳಿದಿದೆ, ನೋಟ ಇದ್ದಲ್ಲೇ ನಿಂತಿದೆ ಎಂದರು. ಸಾರಿಗೆ ಉಪ್ಪು ಬಿತ್ತು. ಈಗ ಬಿತ್ತನೆಯ ಕಡಲೆಬೀಜ ನಿಮ್ಮಪ್ಪನೇ ಆರಿಸುತ್ತಾರೆ. ಎಡಗಡೆಯದು ಕಾಣುವುದಿಲ್ಲವೆಂದು ನಾನು ಮೊರ ತಿರುಗಿಸಲು ಹೋದರೆ, "ಬುಡು, ನಾನೇ ಕತ್ತು ತಿರುಗಿಸ್ತೀನಿ" ಎನ್ನುತ್ತಾರೆ. ಗತ್ತು ವಾಪಸ್ಸು ಬಂದಿದೆ ನೋಡು. ನನಗೆ ಅದೇ ಸಂತೋಷ.

ನೀನು, ಲೋಹಿತಾ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ ಸುಖವಾಗಿರಿ. ಪಾಪುವಿನ ಕೆನ್ನೆಗೆ ಅಜ್ಜಿಯ ಮುತ್ತು.

ನಿನ್ನ ಅಮ್ಮ,
ಇಂದ್ರಮ್ಮ

ಕಾಗದ ಮಡಚುವ ಮುಂಚೆ: ಈ ಕಾಯಿಲೆ ರಕ್ತದಲ್ಲೇ ಬರಬಹುದಂತೆ, ಮಕ್ಕಳು ಕಣ್ಣು ತೋರಿಸಲೇಬೇಕಂತೆ. ನೋವಿಲ್ಲ, ಸುಳಿವಿಲ್ಲ, ಅಪ್ಪನಿಗೂ ತಿಳಿದಿರಲಿಲ್ಲ. ಕೆಲಸ ಹೋದೀತೆಂದು ತಪ್ಪಿಸಿಕೊಳ್ಳಬೇಡ. ಬೇಗ ಸಿಕ್ಕರೆ ಹನಿಯಲ್ಲೇ ತಡೆಯಬಹುದಂತೆ. ಈ ವಾರವೇ ಹೋಗು. ಅಪ್ಪನಿಗೆ ನಾನಿದನ್ನು ಹೇಳಿಲ್ಲ, ತನ್ನಿಂದ ಮಗನಿಗೂ ಬಂತೇನೋ ಎಂದು ಕೊರಗುತ್ತಾರೆ. ಏನೂ ಇಲ್ಲವೆಂದರೆ ಅಪ್ಪನಿಗೆ ಫೋನು ಮಾಡು. ಇದೆ ಎಂದರೆ ಮೊದಲು ನನಗೆ ಮಾಡು.