ಥಿನ್ನರ್ ವಾಸನೆ

ಪ್ರೆಸ್ಸಿನ ಧಣಿಗಳಿಗೆ ರೋಲರ್ ತೊಳೆಯುವ ನಿಮ್ಮ ಹಳೆಯ ಆಳಿನ ನಮಸ್ಕಾರ.

ನನ್ನ ಓದು ಹಳ್ಳಿ ಶಾಲೆಯದು. ಆದರೆ ಯಂತ್ರ ತೊಳೆಯುವುದರಲ್ಲಿ ನನ್ನನ್ನು ಮೀರಿಸುವವರು ಈ ಬೀದಿಯಲ್ಲೇ ಇಲ್ಲ, ಅದು ನಿಮಗೂ ಗೊತ್ತು.

ಹೋದ ವಾರ ನನ್ನ ತಂಗಿಯ ಮಗಳು ಜೆಲ್ ಹಚ್ಚಿ ತೊಳೆದ ಯಂತ್ರವನ್ನು ನೀವು ಮೂಸಿ, "ವಾಸನೇನೇ ಇಲ್ಲ, ಇದೆಂಥ ಕ್ಲೀನು?" ಅಂದಿರಿ. ಲೋಳೆಯಂಥ ಆ ಜೆಲ್ ಅಚ್ಚಿನ ಮಸಿಯನ್ನು ತಾನೇ ಹೀರಿಕೊಳ್ಳುತ್ತದೆ, ನಾವು ಮೊದಲು ತೊಳೆಯುತ್ತಿದ್ದ ಥಿನ್ನರಿನಂತೆ ನಾರುವುದಿಲ್ಲ. ನಿಮ್ಮ ಮೂಗನ್ನು ಸ್ವಲ್ಪ ಆಟ ಆಡಿಸೋಣವೆಂದು ಮರುದಿನ ಥಿನ್ನರಿನಲ್ಲಿ ಅದ್ದಿದ ಚಿಂದಿಯೊಂದನ್ನು ಯಂತ್ರದ ಅಡಿಗೆ ಸಿಕ್ಕಿಸಿದೆ. ತೊಳೆದದ್ದು ಜೆಲ್ಲಿನಲ್ಲೇ. ನೀವು ಮೂಸಿ, "ಕ್ಲೀನ್ ಅಂದ್ರೆ ಇದು" ಅಂದಿರಿ. ನಾನು ಮರೆಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಸಂಜೆ ನೀವು ಜೆಲ್ ನಿಲ್ಲಿಸಿ ಥಿನ್ನರ್ ಡಬ್ಬವನ್ನು ಅವಳ ಕೈಗೆ ಕೊಟ್ಟಾಗ ನನ್ನ ನಗು ನಿಂತಿತು.

ಅವಳೀಗ ಬಸುರಿ. ಕೆಲಸ ಹೋದೀತೆಂದು ನಿಮಗೆ ಹೇಳಿಲ್ಲ. ನಿನ್ನೆ ಆ ಘಾಟಿಗೆ ತಲೆ ಸುತ್ತಿ ಗೋಡೆ ಹಿಡಿದು ನಿಂತಳು. "ಮಾವ, ನೀನೊಬ್ಬ ಬಾಯಿ ಮುಚ್ಕೊಂಡಿರು ಸಾಕು" ಅಂದಳು. ಇರಲಾಗಲಿಲ್ಲ.

ಡಬ್ಬ ನನಗೆ ಕೊಡಿ, ಅವಳಿಗೆ ಜೆಲ್ ತರಿಸಿ. ನಂಬಿಕೆ ಇಲ್ಲದಿದ್ದರೆ ಅವಳು ಜೆಲ್ಲಿನಲ್ಲಿ ತೊಳೆದ ಮೇಲೆ ಬಿಳಿ ಬಟ್ಟೆಯಲ್ಲಿ ರೋಲರ್ ಉಜ್ಜಿ ನೋಡಿ. ಕೆಲಸದಿಂದ ತೆಗೆಯುವುದೇ ಆದರೆ ಚಿಂದಿ ಇಟ್ಟವನನ್ನು ತೆಗೆಯಿರಿ. ಅವಳನ್ನು ಕರೆದು ಮಾತ್ರ ಏನೂ ಕೇಳಬೇಡಿ.

ಇಂತಿ,
ಅವಳ ಸೋದರಮಾವ