ಒತ್ತಕ್ಷರದಲ್ಲಿ ಹಿಂದೆ

ಮೂರನೇ ತರಗತಿಯ ಮೇಡಂ ಅವರಿಗೆ,

ಮಗಳ ಪ್ರಗತಿಪತ್ರ ಕೈಸೇರಿತು. ಬರವಣಿಗೆಯಲ್ಲಿ ನೂರಕ್ಕೆ ನಲವತ್ತೊಂದು, ‘ಒತ್ತಕ್ಷರದಲ್ಲಿ ತೀರಾ ಹಿಂದೆ’ ಎಂದಿದ್ದೀರಿ. ಅದನ್ನು ನೋಡಿ ಅವಳು, “ಅಮ್ಮಾ, ನಾನು ದಡ್ಡಿನಾ?” ಅಂದಳು. “ಮೊದಲು ಪೆನ್ನು ತಗೊಂಡು ಬಾ” ಅಂದೆ.

ನಾನು ಬಟ್ಟೆ ಹೊಲಿಯುವವಳು. ಅವಳ ಯೂನಿಫಾರ್ಮಿನ ಅಂಚನ್ನು ಈ ವರ್ಷ ಎರಡು ಸಲ ಬಿಚ್ಚಿ ಇಳಿಸಿದ್ದೇನೆ. ಮಗು ಎಷ್ಟು ಬೆಳೆಯಿತೆಂದು ಹೇಳುವುದು ಹಳೇ ಮಡಿಕೆಯ ಗೆರೆ, ಪಕ್ಕದ ಮನೆಯ ಹುಡುಗಿಯಲ್ಲ. ಹೋದ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಹದಿನೆಂಟು. ದಯವಿಟ್ಟು ಅದನ್ನೂ ನಲವತ್ತೊಂದರ ಪಕ್ಕದಲ್ಲೇ ಬರೆದುಕೊಡಿ.

ನನಗೆ ಮೆಷಿನ್ ಬಿಟ್ಟು ಏಳಲಾಗಲಿಲ್ಲ. ನಾನು ಹೇಳುತ್ತಾ ಹೋದೆ, ಈ ಪತ್ರ ಬರೆದವಳು ಅವಳೇ. ಒತ್ತಕ್ಷರಗಳನ್ನು ನೀವೇ ಎಣಿಸಿಕೊಳ್ಳಿ.

ಇಂತಿ,
ಕಿಟಕಿ ಬೆಂಚಿನವಳ ತಾಯಿ