ಹತ್ತು ದಿನದ ಉಪ್ಪುನೀರು

ಮಾರ್ಚ್ 3, ಬೆಳಿಗ್ಗೆ 11

ಹದಿನಾರರಲ್ಲಿ ಒಂಬತ್ತು ಬೆಸುಗೆ ಮುಗಿಯಿತು. ಕತ್ತು ಸೆಟೆದಿದೆ. ಮೈಕ್ರೋಸ್ಕೋಪಿನ ಕೆಳಗೆ ಫಿಲ್ಮ್ ಈರುಳ್ಳಿಯ ಒಳಪೊರೆಯ ಹಾಗೆ... ಅಲ್ಲ, ಅದಕ್ಕಿಂತ ತೆಳು. ಅದರ ಮೇಲೆ ಚಿನ್ನದ ಹದಿನಾರು ಗೆರೆ. ನರಕ್ಕೆ ಸುತ್ತಿದರೆ ನರದ ಜೊತೆಗೇ ಬಳುಕಬೇಕು, ಅದು ಆಡಿದ್ದನ್ನು ತಂತಿಗೆ ದಾಟಿಸಬೇಕು. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಹೋದ ವಾರ ಒಂದು ಹಾಗೇ ಹಾರಿ ನನ್ನ ತೋಳಿಗೆ ಅಂಟಿ ಹಾಳಾಯಿತು. ಇದು ಎರಡನೆಯದು. ಯಾರಿಗೂ ಹೇಳಿಲ್ಲ.

ಪಕ್ಕದ ಮೇಜಿನವಳು ನನ್ನನ್ನು ಸೂಜಿಕಣ್ಣಮ್ಮ ಎನ್ನುತ್ತಾಳೆ. ಖುಷಿಯಾಗುತ್ತದೆ, ತೋರಿಸಿಕೊಳ್ಳುವುದಿಲ್ಲ.

ಏಳನೇ ತಾರೀಖಿನ ಆಪರೇಷನ್‌ಗೆ ಸಿಗುತ್ತದೆಯೇ ಎಂದು ಡಾಕ್ಟರ್ ಮೇಡಂ ಮೀಟಿಂಗಿನಲ್ಲಿ ಕೇಳಿದ್ದರು. ಸಿಗುತ್ತದೆ ಎಂದುಬಿಟ್ಟೆ, ಎಲ್ಲರ ಮುಂದೆ. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ.

ಮಾರ್ಚ್ 6

ಫಿಲ್ಮ್ ಉಪ್ಪುನೀರಿನ ಬಾಟಲಿಗೆ ಇಳಿದು ಮೂರು ದಿನ ಆಯಿತು. ನಿಯಮ ಹತ್ತು ದಿನ. ಬೆಸುಗೆಯೊಳಗೆ ನೀರು ನುಗ್ಗುವುದಿದ್ದರೆ ಅಷ್ಟರಲ್ಲಿ ನುಗ್ಗುತ್ತದೆ, ದೇಹದೊಳಗೆ ಹೋಗುವ ಮೊದಲೇ ಬಣ್ಣ ಬಯಲಾಗುತ್ತದೆ. ಮೂರು ದಿನವೂ ಅಳತೆ ಚೂರೂ ಅಲ್ಲಾಡಿಲ್ಲ. ಇನ್ನೇಳು ದಿನದಲ್ಲಿ ಏನು ಮಹಾ ಆಗಿಬಿಡುತ್ತದೆ?

ಟೆಸ್ಟ್ ಬುಕ್ಕಿನಲ್ಲಿ ಹತ್ತು ದಿನ ಎಂದು ಬರೆದೆ; ಮೊದಲನೆಯದು ಹಾಳಾದದ್ದು ಗೊತ್ತಿಲ್ಲದವರಿಗೆ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಸಹಿ ಹಾಕಿದೆ. ಪೆನ್ನು ಎಲ್ಲೂ ತಡೆಯಲಿಲ್ಲ.

ಮಾರ್ಚ್ 19, ಮಧ್ಯಾಹ್ನ 3

ಮೊದಲ ರೆಕಾರ್ಡಿಂಗ್. ಏಳರಂದು ಫಿಲ್ಮ್ ಹಾಕಿಸಿಕೊಂಡ ಅಕ್ಕನ ಗಾಯ ಮಾಗಿದೆ. ಅಕ್ಕ ಎಂದೇ ಕರೆಯುತ್ತೇನೆ — ನನಗಿಂತ ಎಂಟು ವರ್ಷ ದೊಡ್ಡವರು. ಪುಸ್ತಕದ ಬೈಂಡಿಂಗ್ ಮಾಡುತ್ತಿದ್ದರು, ಕಾಗದ ಕತ್ತರಿಸುವ ಮೆಷಿನ್ನಿಗೆ ಬಲಗೈ ಕೊಟ್ಟರು. ಮಣಿಕಟ್ಟಿನಿಂದ ಮುಂದೆ ಏನೂ ಇಲ್ಲ.

ಇಲ್ಲದ ಹೆಬ್ಬೆರಳನ್ನು ಮಡಿಸಿ ಎಂದರು ಮೇಡಂ. ಅಕ್ಕ ಕಣ್ಣು ಮುಚ್ಚಿದರು. ನರದ ಸಿಗ್ನಲ್ ಸ್ಪೀಕರಿನಲ್ಲಿ ಪಟಪಟ ಸದ್ದಾಗಿ ಬಂತು, ಬಾಣಲೆಗೆ ಸಾಸಿವೆ ಬಿದ್ದ ಹಾಗೆ. ಬಿಡಿ ಎಂದಾಗ ನಿಂತಿತು. ಮತ್ತೆ ಮಡಿಸಿ — ಮತ್ತೆ ಪಟಪಟ.

ಕಣ್ಣು ಬಿಟ್ಟವರೇ ನನ್ನ ಕಡೆ ತಿರುಗಿದರು. "ತಂಗಿ, ಅದು ನಾನೇನಾ?"

ನೀವೇ ಎಂದೆ. ಈ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಇಂಥ ದಿನ ಬಂದಿರಲಿಲ್ಲ.

ಏಪ್ರಿಲ್ 9, ಬೆಳಿಗ್ಗೆ 10

ಸದ್ದಿಲ್ಲ. ಹದಿನಾರೂ ಚಾನೆಲ್ ತೆಪ್ಪಗಿವೆ.

ವಾರಕ್ಕೊಮ್ಮೆ ತಂತಿಯ ವಿದ್ಯುತ್ ತಡೆ ಅಳೆಯುವವಳು ನಾನೇ. ಅಳತೆ ಸರಿಯಿದ್ದೂ ಸದ್ದಿಲ್ಲದಿದ್ದರೆ ತಪ್ಪು ನರದ್ದು. ಅಳತೆ ಕೆಟ್ಟಿದ್ದರೆ ತಪ್ಪು ಬೆಸುಗೆಯದು. ಅಂದರೆ ನನ್ನದು.

ಅಳತೆ ಕೆಟ್ಟಿದೆ. ಅಂಕಿಗಳು ಕುಣಿಯುತ್ತಿವೆ. ಮೂರು ಸಲ ನೋಡಿದೆ. ನೀರು ನುಗ್ಗಿದೆ.

ಅಕ್ಕ ಎದುರಿಗೇ ಕುಳಿತು ಮಗಳ ಸ್ಕೂಲಿನ ಕಥೆ ಹೇಳುತ್ತಿದ್ದರು. ನಾನು ಹ್ಞೂಂಗುಟ್ಟುತ್ತಲೇ ಪುಟ ತಿರುವಿ, ಹೋದ ವಾರದ ಅಂಕಿಗಳನ್ನು ನೋಡಿಕೊಂಡು ಬರೆದೆ. ಒಂದೆರಡನ್ನು ಸ್ವಲ್ಪ ಹೆಚ್ಚುಕಮ್ಮಿ ಮಾಡಿದೆ, ನಿಜದ ಹಾಗೆ ಕಾಣಲಿ ಎಂದು. ಅಷ್ಟು ಬುದ್ಧಿ ಇತ್ತು.

ಏಪ್ರಿಲ್ 16

ಮೇಡಂ ನನ್ನ ಅಂಕಿಗಳನ್ನು ನೋಡಿದರು, ಸಂಪರ್ಕವೆಲ್ಲ ಸರಿಯಿದೆಯಲ್ಲ ಎಂದರು. ಆಮೇಲೆ ಅಕ್ಕನಿಗೆ ಮೆತ್ತಗೆ ತಿಳಿಸಿದರು — ಗಾಯವಾದ ನರ ಕೆಲವು ಸಲ ಹೀಗೆ ಸೋತುಬಿಡುತ್ತದೆ, ನಿಮ್ಮ ತಪ್ಪಲ್ಲ. ಎರಡು ವಾರ ಮನೆಯಲ್ಲಿ ಅಭ್ಯಾಸ ಮಾಡಿ ನೋಡಿ. ಆಗದಿದ್ದರೆ ತೆಗೆದುಬಿಡೋಣ.

ತೆಗೆದರೆ ಅಕ್ಕ ಈ ಪ್ರಯೋಗದ ಪಟ್ಟಿಯಿಂದ ಹೊರಗೆ. ನರದ ಸಿಗ್ನಲ್ ಕೇಳಿ ಆಡುವ ಯಂತ್ರದ ಕೈ ಮುಂದಿನ ವರ್ಷ ಬರುತ್ತದೆ, ಅದು ಬೇರೆ ಯಾರಿಗೋ.

ನಾನು ಕೇಬಲ್ ಸುತ್ತುತ್ತಿದ್ದೆ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದೆ.

ಏಪ್ರಿಲ್ 24, ಸಂಜೆ 5

ಚರ್ಮದಿಂದ ತಂತಿ ಹೊರಬರುವ ಜಾಗದ ಡ್ರೆಸ್ಸಿಂಗ್ ಬದಲಿಸಲು ಅಕ್ಕ ಬಂದಿದ್ದರು. ಎಡ ಮಣಿಕಟ್ಟಿನಲ್ಲಿ ಕೆಂಪು ಬರೆ. ಏನಕ್ಕಾ ಇದು ಎಂದೆ. ಅಭ್ಯಾಸಕ್ಕೆಂದು ಇಲ್ಲದ ಬಲಗೈ ಮಡಿಸಲು ಹೊರಟರೆ ಎಡಗೈ ತಾನೇ ಮಡಚಿಕೊಳ್ಳುತ್ತದಂತೆ. ಅದಕ್ಕೇ ಅದನ್ನು ಮಗಳ ಕೈಯಲ್ಲಿ ಟವೆಲಿನಿಂದ ಕುರ್ಚಿಗೆ ಕಟ್ಟಿಸಿಕೊಳ್ಳುತ್ತಾರೆ. ದಿನಕ್ಕೆ ಎರಡು ಗಂಟೆ. ಅಮ್ಮ ಕಳ್ಳಿ ಎಂದು ಮಗಳು ನಗುತ್ತಾಳಂತೆ. ಹೇಳಿ ತಾವೂ ನಕ್ಕರು.

ಆಮೇಲೆ ತಲೆ ತಗ್ಗಿಸಿದರು.

"ನೀನು ಕಣ್ಣು ನೋಯಿಸ್ಕೊಂಡು ಮಾಡಿದ್ದು. ನನ್ನಿಂದ ನಿನ್ನ ಕೆಲಸಕ್ಕೆಲ್ಲ ಕಲ್ಲು ಬಿತ್ತು. ಬೇಜಾರು ಮಾಡ್ಕೋಬೇಡ ತಂಗಿ."

ಪರವಾಗಿಲ್ಲ ಬಿಡಿ ಅಕ್ಕ ಎಂದೆ. ಹೌದು, ಹಾಗೇ ಅಂದೆ. ಅವರನ್ನು ಕ್ಷಮಿಸಿದೆ!

ಏಪ್ರಿಲ್ 25, ರಾತ್ರಿ

ಅಪ್ಪ ನಲವತ್ತು ವರ್ಷ ವಾಚ್ ರಿಪೇರಿ ಮಾಡಿದವರು. ನನ್ನ ಕೈ ಅವರದೇ. ಈಗ ಕಣ್ಣು ಮಂಜು, ನನ್ನ ಕೆಲಸದ ಮಾತು ಕೇಳುವುದೇ ಅವರಿಗೆ ಊಟ. ನಿನ್ನ ಬೈಂಡಿಂಗ್ ಅಕ್ಕ ಹೇಗಿದ್ದಾಳೆ ಎಂದರು. ಸಿಗ್ನಲ್ ನಿಂತಿದೆ, ನರ ಸೋತಿದೆ ಎಂದೆ.

ಅಪ್ಪ ನನ್ನ ಕಡೆ ತಿರುಗಿದರು. "ವಾಚಿನ ಹಾಗೆ ಒಳಗೆ ನೀರು ಹೋಗಿಲ್ಲ ತಾನೆ? ಮುಚ್ಚಳ ಹಾಕಿದ್ದು ಯಾರು?"

ಹಾಲು ಉಕ್ಕುತ್ತಿದೆ ಎಂದು ಎದ್ದು ಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ. ಅವರು ಮತ್ತೆ ಕೇಳಲಿಲ್ಲ. ಊಟಕ್ಕೆ ಕುಳಿತಾಗ ತಟ್ಟೆಯಿಂದ ತಲೆ ಎತ್ತಲಾಗಲಿಲ್ಲ.

ಏಪ್ರಿಲ್ 27, ಬೆಳಿಗ್ಗೆ 9:40

ಹೇಳಿದೆ. ಮೇಡಂ ರೂಮಿನಲ್ಲಿ, ನಿಂತೇ. ಉಪ್ಪುನೀರು ಮೂರೇ ದಿನ. ಅಂಕಿ ಸುಳ್ಳು. ನರಕ್ಕೆ ಏನೂ ಆಗಿರಲಾರದು.

ಯಾವತ್ತಿನಿಂದ ಗೊತ್ತು ಎಂದರು. ಹದಿನೆಂಟು ದಿನ ಎಂದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ನರ ಸೋತಿದೆ ಅಂತ ಆಕೆ ಮುಖ ನೋಡ್ಕೊಂಡು ಹೇಳ್ದೆ ನಾನು. ನನ್ನ ಬಾಯಲ್ಲಿ ಹೇಳಿಸಿದ್ರಿ."

ಆಮೇಲೆ ಬುಕ್ಕು ತರಿಸಿದರು. ಸುಳ್ಳು ಬರೆದ ಪುಟಗಳಿಗೆಲ್ಲ ನನ್ನ ಕೈಯಿಂದಲೇ ಅಡ್ಡಗೆರೆ ಹಾಕಿಸಿ, ಪಕ್ಕದಲ್ಲಿ ನಿಜ ಬರೆಸಿದರು. ಬೆಸುಗೆ ಕೆಲಸದಿಂದ ತೆಗೆದಿದ್ದಾರೆ. ಕೆಲಸವೇ ಇರುತ್ತದೋ ಇಲ್ಲವೋ, ಸಮಿತಿ ನೋಡುತ್ತದೆ. ಅಕ್ಕನಿಗೆ ನಾನೇ ಹೇಳಬೇಕು.

ಏಪ್ರಿಲ್ 28

ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅರ್ಧಕ್ಕೇ ತೊದಲಿದೆ. ಅಕ್ಕ ಪೂರ್ತಿ ಕೇಳಿದರು. ಬಹಳ ಹೊತ್ತು ತಮ್ಮ ಮೋಟುಗೈಯನ್ನೇ ಸವರುತ್ತಿದ್ದರು.

"ಹಾಗಾದ್ರೆ ಇದು ಚೆನ್ನಾಗಿದೆ."

ಚೆನ್ನಾಗಿದೆ ಎಂದೆ.

"ದಿನಾ ಬೈತಿದ್ದೆ ಇದನ್ನ. ಸತ್ತೋಗು ಅಂತಿದ್ದೆ."

ಅಳು ಬಂತು ನನಗೆ. ಅವರ ಮುಂದೆ ಅಳಲು ನನಗೇನು ಹಕ್ಕಿದೆ ಎಂದು ನುಂಗಿಕೊಂಡೆ. ಮತ್ತೆ ಕುಯ್ಯಬೇಕಲ್ಲವೇ ಎಂದು ಕೇಳಿದರು. ಹೌದು ಎಂದೆ. ಕುಯ್ಯಲಿ ಎಂದರು. ಎದ್ದು, ಬ್ಯಾಗನ್ನು ಎಡಭುಜಕ್ಕೆ ಹಾಕಿಕೊಂಡರು. ಸಹಾಯಕ್ಕೆ ಕೈ ಚಾಚಿದೆ, ಹಿಂದೆ ಸರಿದರು.

"ಈ ಸಲ ಅದನ್ನ ನೀವು ಮಾಡಬೇಡಿ."

ಇಷ್ಟು ದಿನ ನೀನು ಎನ್ನುತ್ತಿದ್ದವರು.

ಜೂನ್ 20, ಮಧ್ಯಾಹ್ನ

ಕೆಲಸ ಉಳಿದಿದೆ. ಒಂದು ವರ್ಷ ಯಾವ ಬುಕ್ಕಿಗೂ ಸಹಿ ಹಾಕುವಂತಿಲ್ಲ. ಬಾಟಲಿ ತೊಳೆಯುತ್ತೇನೆ, ಲೇಬಲ್ ಅಂಟಿಸುತ್ತೇನೆ. ಸೂಜಿಕಣ್ಣಮ್ಮ ಎಂದು ಯಾರೂ ಕರೆಯುವುದಿಲ್ಲ.

ಹೊಸ ಫಿಲ್ಮ್ ಪಕ್ಕದ ಮೇಜಿನವಳದು. ಇವತ್ತು ಅದರ ಮೊದಲ ರೆಕಾರ್ಡಿಂಗ್. ಮೂಲೆಯಲ್ಲಿ ನಿಂತಿದ್ದೆ. ಅಕ್ಕ ಸೊರಗಿದ್ದಾರೆ, ಎರಡನೇ ಸಲ ಕುಯ್ದ ಮೇಲೆ ಜ್ವರ ಬಂದಿತ್ತಂತೆ. ಮಡಿಸಿ ಎಂದರು ಮೇಡಂ. ಬಂತು ಸದ್ದು — ಹೆಬ್ಬೆರಳು, ತೋರುಬೆರಳು, ಕಿರುಬೆರಳು ಕೂಡ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲೋ ಬೇಡವೋ ಎನ್ನುವಷ್ಟರಲ್ಲಿ ನಿಂತಿತು.

ಅಕ್ಕ ಪಕ್ಕದ ಮೇಜಿನವಳ ಕೈ ಹಿಡಿದುಕೊಂಡು ಏನೋ ಹೇಳಿ ನಗುತ್ತಿದ್ದರು. ಆಮೇಲೆ ನನ್ನ ಕಡೆ ಕೈ ಚಾಚಿ, ಡ್ರೆಸ್ಸಿಂಗಿನ ಆ ಟೇಪ್ ಕೊಡಿ ಮೇಡಂ ಎಂದರು, ನನಗೇ.

ಕೊಟ್ಟೆ. ಒಮ್ಮೆ ತಲೆ ಎತ್ತಿ ನೋಡುತ್ತಾರೇನೋ ಎಂದು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ. ನೋಡಲಿಲ್ಲ. ಹಾಗೆ ಕಾದು ನಿಂತದ್ದಕ್ಕೆ ನನಗೆ ನಾಚಿಕೆಯಾಯಿತು; ಬಾಟಲಿ ತೊಳೆಯಲು ಹೋದೆ.